ಗಣಕಯಂತ್ರದ ವೇಗವೂ ನಮ್ಮ ಸೀಮೆಯ ಬಿಸಿಲೂ

ಗಣಕಯಂತ್ರದ ಪ್ರೊಸೆಸರನ್ನು ತಯಾರಕರು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಮೂಲ ಗಡಿಯಾರದ 100 ಮೆಗಾಹರ್ಟ್ಸನ್ನು 40ರಿಂದ ಗುಣಿಸಿದರೆ 4 ಗಿಗಾಹರ್ಟ್ಸ್. 42ರಿಂದ ಗುಣಿಸಿದರೆ 4.2. ಈ ಗುಣಕವನ್ನು ಬದಲಿಸಲು ಪ್ರೊಸೆಸರೂ ಮದರ್‌ಬೋರ್ಡೂ ಅವಕಾಶ ಕೊಡಬೇಕು.

ಲೆಕ್ಕವೇನೋ ಸುಲಭ, ಕಷ್ಟವಿರುವುದು ಶಾಖದಲ್ಲಿ. ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ವೋಲ್ಟೇಜು ನೂರಕ್ಕೆ 10 ಹೆಚ್ಚಿದರೆ ಶಾಖ ನೂರಕ್ಕೆ 21ರಷ್ಟು ಹೆಚ್ಚುವುದು. ಫ್ಯಾನು ಬೀಸುವುದಾದರೂ ಕೋಣೆಯ ಗಾಳಿಯನ್ನೇ ಅಲ್ಲವೇ? ಜನವರಿಯಲ್ಲಿ 25 ಡಿಗ್ರಿಯ ಕೋಣೆಯಲ್ಲಿ 80 ಡಿಗ್ರಿ ತೋರಿದ ಪ್ರೊಸೆಸರು, ಯಾದಗಿರಿ, ಶಹಾಪುರ, ಸುರಪುರಗಳ ಮೇ ತಿಂಗಳ 40 ಡಿಗ್ರಿಯಲ್ಲಿ ಸುಮಾರು 95 ಮುಟ್ಟುವುದು. 100ರ ಹತ್ತಿರ ಅನೇಕ ಪ್ರೊಸೆಸರುಗಳು ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಆಗ ಗಳಿಸಿದ್ದೆಲ್ಲ ವ್ಯರ್ಥ.

ಆದುದರಿಂದ ಸಹಪಾಠಿ ಮಿತ್ರರೇ, ಮೊದಲು ಮುಖ್ಯ ಕಡತಗಳ ನಕಲು ತೆಗೆದಿಡಿರಿ. ಫ್ಯಾನಿನ ಧೂಳು ತೆಗೆಯಿರಿ. ವೋಲ್ಟೇಜನ್ನು ಮುಟ್ಟದೆ ಗುಣಕವನ್ನು ಒಂದೊಂದಾಗಿ ಏರಿಸಿರಿ. ಪ್ರತಿ ಮೆಟ್ಟಿಲಲ್ಲೂ ಒಂದು ಗಂಟೆ ಭಾರದ ಕೆಲಸ ಕೊಟ್ಟು ಉಷ್ಣಮಾನ ನೋಡಿರಿ. ಯಂತ್ರ ತಡವರಿಸಿದರೆ ಒಂದು ಮೆಟ್ಟಿಲು ಇಳಿಯಿರಿ.

ನನ್ನ ಯಂತ್ರವು ತಂದೆಯವರು ಹತ್ತಿ ಮಾರಿದ ಹಣದಿಂದ ಬಂದದ್ದು, ಕೆಟ್ಟರೆ ಮತ್ತೊಂದಿಲ್ಲ. ಅದಕ್ಕಾಗಿ ನಾನು ಪರೀಕ್ಷೆಯನ್ನು ಮೇ ತಿಂಗಳ ಮಧ್ಯಾಹ್ನವೇ ಮಾಡಿದೆನು. ಆ ಬಿಸಿಲಲ್ಲಿ ನಿಂತ ವೇಗವೇ ವರ್ಷವೆಲ್ಲ ನನ್ನ ವೇಗ.