ನಾಲ್ಕು ಹಲಗೆಯಿಂದ ಒಂದು ಹಲಗೆ

ಅಗಲ ಕಡಿಮೆ ಇರುವ ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ, ಅಂಟು ಹಾಕಿ, ಬಿಗಿದು ಒಂದೇ ಅಗಲವಾದ ಚಪ್ಪಟೆ ಹಲಗೆ ಮಾಡುವುದು ಹೇಗೆ ಎಂಬುದು ಈ ಲೇಖನದ ವಿಷಯ. ನಾನು ಕಾಮರ್ಸ್ ವಿದ್ಯಾರ್ಥಿ, ಬಡಗಿಯಲ್ಲ. ಆದರೆ ಈ ಕೆಲಸವನ್ನು ಎರಡು ಸಲ ಮಾಡಿದ್ದೇನೆ, ಮೊದಲನೇ ಸಲ ಕೆಡಿಸಿದ್ದೇನೆ. ಆದ್ದರಿಂದ ಎಲ್ಲಿ ಕೆಡುತ್ತದೆ ಎಂಬುದನ್ನಾದರೂ ಧೈರ್ಯವಾಗಿ ಹೇಳಬಲ್ಲೆ.

ನಮ್ಮ ನಾನಿಯ ಹಲಸಿನ ಮರದ ಮಂಚ ಹಿತ್ತಲಿನಲ್ಲಿ ಬಿದ್ದಿತ್ತು. ಕಾಲುಗಳಿಗೆ ಗೆದ್ದಲು ಹಿಡಿದಿತ್ತು, ಮೇಲಿನ ಹಲಗೆಗಳು ಚೆನ್ನಾಗಿದ್ದವು. ನಾನಿ ತೀರಿಕೊಂಡ ಮೇಲೆ ಅದನ್ನು ಸೌದೆಗೆ ಕೊಡಲು ಅಮ್ಮಿ ಒಪ್ಪಿರಲಿಲ್ಲ. ತಂಗಿ ಹತ್ತನೇ ತರಗತಿ, ನೆಲದ ಮೇಲೆ ಕುಳಿತು ಬರೆಯುತ್ತಿದ್ದಳು. ಅವಳಿಗೆ ಮೇಜು ಮಾಡೋಣ ಎಂದು ಮಾಮು ಹೇಳಿದರು. ಕಬ್ಬಿಣದ ಫ್ರೇಮನ್ನು ಮೊದಲೇ ವೆಲ್ಡಿಂಗ್ ಮಾಡಿಸಿ ಆಗಿತ್ತು: 42 ಇಂಚು ಉದ್ದ, 21 ಇಂಚು ಅಗಲ. ನಮ್ಮ ಹತ್ತಿರ ಇದ್ದ ಒಳ್ಳೆಯ ಹಲಗೆಗಳು ನಾಲ್ಕು. ಒಂದೊಂದು 6 ಇಂಚು ಅಗಲ, 1 ಇಂಚು ದಪ್ಪ. ಒಟ್ಟು 24 ಇಂಚು. ಬೇಕಾದ್ದಕ್ಕಿಂತ ಮೂರು ಇಂಚು ಹೆಚ್ಚೇ ಇದೆ ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಮಾಮು ಇಂಚಿನ ಎಂಟನೇ ಒಂದು ಭಾಗವನ್ನು ಒಂದು ಸೂತ್ ಅನ್ನುತ್ತಾರೆ. ಮೂರು ಇಂಚು ಅಂದರೆ 24 ಸೂತ್. ನಾಲ್ಕು ಹಲಗೆ ಸೇರಿಸಲು ಮೂರು ಜಾಯಿಂಟ್, ಪ್ರತಿ ಜಾಯಿಂಟಿಗೆ ಎರಡು ಅಂಚು, ಹೀಗೆ ಆರು ಅಂಚು. ಪ್ರತಿ ಅಂಚನ್ನು ನೇರ ಮಾಡಲು ಒಂದು ಸೂತ್ ಹೆರೆದರೆ 6 ಸೂತ್ ಖರ್ಚು. ಮೊದಲ ಸಲ ಅಷ್ಟೇ ಖರ್ಚಾಯಿತು.

ಆ ದಿನ ಮಾಮು ಊರಲ್ಲಿರಲಿಲ್ಲ. ನಾನೇ ಅಂಚುಗಳನ್ನು ಹೆರೆದೆ. ಜೋಡಿಸಿ ನೋಡಿದರೆ ನಡುವಿನ ಜಾಯಿಂಟಿನ ಒಂದು ತುದಿಯಲ್ಲಿ ಸಂದು ಕಾಣುತ್ತಿತ್ತು, ಎರಡು ಮಿಲಿಮೀಟರ್ ಇರಬಹುದು. ಅಂಟು ತುಂಬಿಕೊಳ್ಳುತ್ತದೆ, ಉಳಿದದ್ದನ್ನು ಕ್ಲಾಂಪ್ ಎಳೆದುಕೊಳ್ಳುತ್ತದೆ ಎಂದು ಭಾವಿಸಿದೆ. ನಾಲ್ಕೂ ಕ್ಲಾಂಪುಗಳನ್ನು ಮೇಲಿನಿಂದಲೇ ಹಾಕಿ ಶಕ್ತಿ ಇದ್ದಷ್ಟು ತಿರುಗಿಸಿದೆ. ಸಂದು ಮುಚ್ಚಿತು. ಬಹಳ ಸಂತೋಷವಾಯಿತು. ಮರುದಿನ ಕ್ಲಾಂಪ್ ಬಿಚ್ಚಿದರೆ ಹಲಗೆ ದೋಣಿಯ ಹಾಗೆ ಬಾಗಿತ್ತು. ಹನ್ನೊಂದನೇ ದಿನ ರಾತ್ರಿ ಶೆಡ್ಡಿನಿಂದ ಟಪ್ ಎಂದು ಶಬ್ದ ಬಂತು. ಸಂದು ಇದ್ದ ತುದಿಯಿಂದಲೇ ಜಾಯಿಂಟ್ ಬಿಟ್ಟುಕೊಂಡಿತ್ತು.

ಮಾಮು ಬಂದು ನೋಡಿ ಬೈಯಲಿಲ್ಲ. ನಾನಿಯ ಮಂಚ ಎಂದು ಅವರಿಗೂ ಬೇಸರವಾಗಿದ್ದು ಮುಖದಲ್ಲಿ ಕಾಣುತ್ತಿತ್ತು. ಮೂರೂ ಜಾಯಿಂಟುಗಳನ್ನು ಗರಗಸದಿಂದ ಸೀಳಿ ಮತ್ತೆ ಹೆರೆಯಬೇಕಾಯಿತು. ಈ ಸಲ ಅಂಚಿಗೆ ಎರಡು ಸೂತ್, ಒಟ್ಟು 12. ಆರು ಮೊದಲೇ ಹೋಗಿತ್ತು. 24ರಲ್ಲಿ 18 ಹೋಗಿ ಉಳಿದದ್ದು 6. ಇನ್ನೊಮ್ಮೆ ಕೆಟ್ಟರೆ ಮತ್ತೆ 12 ಬೇಕು. ಅಂದರೆ ಮೂರನೇ ಅವಕಾಶ ಇರಲಿಲ್ಲ. ಬ್ಯಾಲೆನ್ಸ್ ಶೀಟ್ ನೋಡಿ ಭಯಪಟ್ಟದ್ದು ಅದೇ ಮೊದಲು.

ಈಗ ಅಂಟಿನ ವಿಷಯ. ಮರಕ್ಕೆ ಬಳಸುವ ಬಿಳಿ ಅಂಟು ಪಾಲಿವಿನೈಲ್ ಅಸಿಟೇಟ್ ಎಂಬ ಪದಾರ್ಥದ ಸಣ್ಣ ಕಣಗಳು ನೀರಿನಲ್ಲಿ ಬೆರೆತಿರುವ ದ್ರವ. ನಮ್ಮ ನಾನಾ ಕಾಲದಲ್ಲಿ ಸರೇಶ್ ಬಳಸುತ್ತಿದ್ದರಂತೆ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು, ಬಿಸಿ ಮಾಡಿಯೇ ಹಚ್ಚಬೇಕು. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಆ ಕಷ್ಟ ನಿಧಾನವಾಗಿ ತಪ್ಪಿತು. ಬಿಳಿ ಅಂಟಿನ ನೀರು ಮರದೊಳಗೆ ಇಳಿದು ಹೋದಾಗ ಕಣಗಳು ಒಂದಕ್ಕೊಂದು ಸೇರಿ ತೆಳುವಾದ ಪೊರೆ ಆಗುತ್ತದೆ. ಆ ಪೊರೆ ತೆಳುವಾಗಿದ್ದರೆ ಮಾತ್ರ ಗಟ್ಟಿ. ಸರಿಯಾಗಿ ಕೂತ ಜಾಯಿಂಟನ್ನು ಮುರಿಯಲು ಹೋದರೆ ಅಂಟು ಬಿಡುವುದಿಲ್ಲ, ಪಕ್ಕದ ಮರವೇ ಸೀಳುತ್ತದೆ. ಆದರೆ ಸಂದು ತುಂಬುವ ಕೆಲಸ ಈ ಅಂಟಿಗೆ ಬರುವುದಿಲ್ಲ. ಇನ್ನೊಂದು ದೋಷವೂ ಇದೆ: ಒಣಗಿದ ಮೇಲೂ ಒಂದೇ ಸಮನೆ ಎಳೆತ ಇದ್ದರೆ ಅದು ನಿಧಾನವಾಗಿ ಜಾರುತ್ತದೆ. ನಾನು ಬಲವಂತವಾಗಿ ಬಗ್ಗಿಸಿ ಅಂಟಿಸಿದ ಹಲಗೆ ತನ್ನ ಮೊದಲಿನ ಆಕಾರಕ್ಕೆ ಮರಳಲು ಹನ್ನೊಂದು ದಿನವೂ ಎಳೆಯುತ್ತಲೇ ಇತ್ತು.

ಆದ್ದರಿಂದ ಮುಖ್ಯ ಕೆಲಸ ಕ್ಲಾಂಪಿನದಲ್ಲ, ಉಜ್ಜುಗೊರಡಿನದು. ಮನೆಯಲ್ಲಿ ನಾವು ಅದನ್ನು ರಂದಾ ಅನ್ನುತ್ತೇವೆ. ಅಂಚು ಸರಿಯಾಗಿ 90 ಡಿಗ್ರಿ ಇರಬೇಕು. ನನ್ನಂಥ ಹೊಸಬನ ಕೈಯಲ್ಲಿ 89 ಆಗುತ್ತದೆ, ಇಲ್ಲವೇ 91. ಒಂದು ಡಿಗ್ರಿ ಏನು ಮಹಾ ಅನಿಸಬಹುದು. ಆದರೆ ಎರಡೂ ಅಂಚಿನಲ್ಲಿ ಒಂದೇ ಕಡೆಗೆ ಒಂದೊಂದು ಡಿಗ್ರಿ ತಪ್ಪಿದರೆ ಜಾಯಿಂಟಿಗೆ ಎರಡು, ಮೂರು ಜಾಯಿಂಟಿಗೆ ಆರು ಡಿಗ್ರಿ. ಹಲಗೆ ಬಾಗಿದ್ದರಲ್ಲಿ ಇದರ ಪಾಲೂ ಇತ್ತು.

ಇದಕ್ಕೆ ಮಾಮು ತೋರಿಸಿದ ಉಪಾಯ ನನಗೆ ಇಡೀ ಕೆಲಸದಲ್ಲಿ ಅತ್ಯಂತ ಇಷ್ಟವಾದದ್ದು. ಮೊದಲು ನಾಲ್ಕು ಹಲಗೆಗಳನ್ನು ಬೇಕಾದ ಕ್ರಮದಲ್ಲಿ ಪಕ್ಕಪಕ್ಕ ಇಟ್ಟು, ಎಲ್ಲವನ್ನೂ ದಾಟುವಂತೆ ಸೀಮೆಸುಣ್ಣದಿಂದ ದೊಡ್ಡ ತ್ರಿಕೋನ ಬರೆದರು. ಆಮೇಲೆ ಹಲಗೆಗಳು ಹೇಗೆ ಚದುರಿದರೂ ಕ್ರಮ ಮರೆಯುವುದಿಲ್ಲ. ನಂತರ ಒಂದಕ್ಕೊಂದು ಸೇರಬೇಕಾದ ಎರಡು ಹಲಗೆಗಳನ್ನು ಪುಸ್ತಕ ಮುಚ್ಚಿದ ಹಾಗೆ ಮುಖಕ್ಕೆ ಮುಖ ಮಡಚಿ, ಎರಡೂ ಅಂಚು ಮೇಲೆ ಬರುವಂತೆ ಒಟ್ಟಿಗೆ ಹಿಡಿದು, ಒಂದೇ ಸಲ ಹೆರೆಯಬೇಕು. ಈಗ ಕೈ ವಾಲಿದರೂ ಚಿಂತೆಯಿಲ್ಲ. ಒಂದು ಅಂಚು 89 ಆದರೆ ಇನ್ನೊಂದು ತಾನಾಗಿಯೇ 91 ಆಗುತ್ತದೆ. ಪುಸ್ತಕ ತೆರೆದಾಗ ಎರಡೂ ಸೇರಿ 180, ಅಂದರೆ ಸಪಾಟು. ನಾನು ನಂಬದೆ ಮೂಲೆಮಟ್ಟ ಇಟ್ಟು ನೋಡಿದೆ. ಒಂದೊಂದೇ ಅಂಚು ಓರೆಯಾಗಿತ್ತು, ಜೋಡಿಸಿದರೆ ಹಲಗೆ ನೇರವಾಗಿತ್ತು. ಹೆರೆಯುವಾಗ ಕಂದು ಮರದ ಒಳಗಿಂದ ಹಲಸಿನ ಹಳದಿ ಬಣ್ಣ ಹೊಸದರ ಹಾಗೆ ಬಂತು. ಅಮ್ಮಿ ಬಂದು ಆ ಹೊಟ್ಟನ್ನು ಕೈಯಲ್ಲಿ ತೆಗೆದುಕೊಂಡು ಸ್ವಲ್ಪ ಹೊತ್ತು ನಿಂತಿದ್ದರು.

ಅಂಚು ಸರಿಯಾಯಿತೋ ಇಲ್ಲವೋ ನೋಡಲು ಒಂದರ ಮೇಲೊಂದು ನಿಲ್ಲಿಸಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ತುದಿಗಳಲ್ಲಿ ಬೆಳಕು ಕಾಣಲೇಬಾರದು. ನಡುವೆ ಕಾಗದದ ದಪ್ಪದಷ್ಟು ಕಂಡರೆ ನಡೆಯುತ್ತದೆ, ಏಕೆಂದರೆ ಹಲಗೆಯ ತುದಿಗಳು ಬೇಗ ಒಣಗಿ ಕುಗ್ಗುತ್ತವೆ, ಅಲ್ಲಿ ಸ್ವಲ್ಪ ಹೆಚ್ಚು ಒತ್ತಡ ಇರುವುದು ಒಳ್ಳೆಯದು.

ಒತ್ತಡ ಎಷ್ಟು ಬೇಕು? ಗಟ್ಟಿ ಮರಕ್ಕೆ ಚದರ ಇಂಚಿಗೆ ಸುಮಾರು 175ರಿಂದ 250 ಪೌಂಡ್ ಎಂದು ಹೇಳುವುದುಂಟು. ನಮ್ಮ ಜಾಯಿಂಟ್ 42 ಇಂಚು ಉದ್ದ, 1 ಇಂಚು ದಪ್ಪ, ಅಂದರೆ 42 ಚದರ ಇಂಚು. 175ರಿಂದ ಗುಣಿಸಿದರೆ 7,350 ಪೌಂಡ್, ಸುಮಾರು 3,300 ಕೆ.ಜಿ. ಮೂರು ಜಾಯಿಂಟ್ ಇದೆಯಲ್ಲ, ಮೂರು ಪಟ್ಟು ಬೇಕೇ ಎಂದು ನಾನು ಕೇಳಿದೆ. ಮಾಮು ನಕ್ಕರು. ಒಂದೇ ಬಲ ಒಂದು ಹಲಗೆಯಿಂದ ಇನ್ನೊಂದಕ್ಕೆ ದಾಟಿ ಹೋಗುತ್ತದೆ, ಹಂಚಿಕೊಳ್ಳುವುದಿಲ್ಲ. ಆದರೂ ನಮ್ಮ ನಾಲ್ಕು ಸಣ್ಣ ಕ್ಲಾಂಪುಗಳಿಂದ 3,300 ಕೆ.ಜಿ. ಬರುವುದು ಕಷ್ಟ. ಬಿಗಿತ ಕಡಿಮೆ ಇದ್ದಷ್ಟೂ ಅಂಚು ಚೆನ್ನಾಗಿ ಕೂರಬೇಕು. ಮನೆಯ ಶೆಡ್ಡಿನಲ್ಲಿ ಕೆಲಸ ಮಾಡುವವರಿಗೆ ಬೇರೆ ದಾರಿಯಿಲ್ಲ.

ಕ್ಲಾಂಪಿನ ಬಲ ಮರದೊಳಗೆ ಸುಮಾರು 45 ಡಿಗ್ರಿಯಲ್ಲಿ ಎರಡೂ ಕಡೆ ಹರಡುತ್ತದೆ. ಹೊರಗಿನ ಹಲಗೆ ಐದೂವರೆ ಇಂಚು ಇದ್ದರೆ ಮೊದಲ ಜಾಯಿಂಟ್ ತಲುಪುವಾಗ ಒಂದು ಕ್ಲಾಂಪ್ ಸುಮಾರು 11 ಇಂಚು ಉದ್ದವನ್ನು ಒತ್ತುತ್ತದೆ. ನಾಲ್ಕಕ್ಕೆ 44 ಇಂಚು. ಹಾಗಾಗಿ ನಮ್ಮ ನಾಲ್ಕು ಸಾಕಾಯಿತು. ಎರಡು ಕೆಳಗಿನಿಂದ, ಎರಡು ಮೇಲಿನಿಂದ, ಒಂದು ಬಿಟ್ಟು ಒಂದು. ಕೆಳಗಿನದು ಒಂದು ಕಡೆಗೆ ಬಗ್ಗಿಸಲು ಹೋದರೆ ಮೇಲಿನದು ಅದನ್ನು ಸರಿದೂಗಿಸುತ್ತದೆ. ಡೆಬಿಟ್‌ಗೆ ಕ್ರೆಡಿಟ್ ಇದ್ದ ಹಾಗೆ. ಜೊತೆಗೆ ಎರಡೂ ತುದಿಯಲ್ಲಿ ಅಡ್ಡಲಾಗಿ ನೇರವಾದ ರೀಪು, ಮೇಲೊಂದು ಕೆಳಗೊಂದು ಇಟ್ಟು ಬಿಗಿಯಬೇಕು. ರೀಪಿಗೆ ಪ್ಯಾಕಿಂಗ್ ಟೇಪ್ ಸುತ್ತದಿದ್ದರೆ ಅದೂ ಮೇಜಿನ ಭಾಗವಾಗುತ್ತದೆ. ಕಬ್ಬಿಣ ಹಸಿ ಅಂಟಿಗೆ ತಾಗುವಲ್ಲಿ ಪ್ಲಾಸ್ಟಿಕ್ ಹಾಳೆ ಇಡಿ, ಇಲ್ಲದಿದ್ದರೆ ಕಪ್ಪು ಕಲೆ ಬೀಳುತ್ತದೆ. ಕ್ಲಾಂಪ್ ಇಲ್ಲದವರು ದಪ್ಪ ಹಲಗೆಯ ಮೇಲೆ ಎರಡು ತಡೆಗಟ್ಟೆ ಬಡಿದು, ನಡುವೆ ಎದುರುಬದುರು ಎರಡು ಬೆಣೆ ಹೊಡೆದು ಬಿಗಿಯಬಹುದು.

ಅಂಟು ಹಚ್ಚುವ ಮೊದಲು ಎಲ್ಲವನ್ನೂ ಒಮ್ಮೆ ಅಂಟಿಲ್ಲದೆ ಜೋಡಿಸಿ ಬಿಗಿದು ನೋಡಿ. ಅಂಟು ಹಚ್ಚಿದ ಮೇಲೆ ಹತ್ತು ನಿಮಿಷಕ್ಕಿಂತ ಹೆಚ್ಚು ಸಮಯ ಸಿಗುವುದಿಲ್ಲ, ಆಗ ಕ್ಲಾಂಪ್ ಹುಡುಕುತ್ತಾ ಓಡಾಡಲು ಆಗದು. ಬಿಗಿದಾಗ ಸಂದಿನ ಉದ್ದಕ್ಕೂ ಸಾಸಿವೆಯಂಥ ಸಣ್ಣ ಹನಿಗಳು ಹೊರಬಂದರೆ ಅಳತೆ ಸರಿ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮರದ ರಂಧ್ರಗಳಿಗೆ ಹೋಗಿ ಪಾಲಿಶ್ ಹಿಡಿಯುವುದಿಲ್ಲ. ಮುಕ್ಕಾಲು ಗಂಟೆ ಬಿಟ್ಟು ರಬ್ಬರಿನಂತೆ ಆದಾಗ ಉಳಿಯಿಂದ ಎತ್ತಿ ತೆಗೆಯಿರಿ.

ನಾವು ಅಸರ್ ನಮಾಜಿನ ನಂತರ ಅಂಟಿಸಿ, ಮರುದಿನ ಅಸರ್ ತನಕ ಮುಟ್ಟಲಿಲ್ಲ. ಬಿಚ್ಚಿದ ಕೂಡಲೇ ಮೇಲ್ಮೈ ಹೆರೆಯಲೂ ಮಾಮು ಬಿಡಲಿಲ್ಲ. ಅಂಟಿನ ನೀರು ಕುಡಿದು ಜಾಯಿಂಟಿನ ಬಳಿ ಮರ ಉಬ್ಬಿರುತ್ತದೆ. ಆಗಲೇ ಸಪಾಟು ಮಾಡಿದರೆ ಒಣಗಿದ ಮೇಲೆ ಅಲ್ಲಿ ತಗ್ಗು ಬೀಳುತ್ತದೆ. ಐದು ದಿನ ಕಾದೆವು. ತಂಗಿಗೆ ಪರೀಕ್ಷೆ ಹತ್ತಿರ ಬರುತ್ತಿತ್ತು, ದಿನವೂ ಶೆಡ್ಡಿಗೆ ಬಂದು ಕೇಳುತ್ತಿದ್ದಳು.

ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಅಗಲಕ್ಕೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಕಬ್ಬಿಣದ ಫ್ರೇಮ್ ಹಾಗೆ ಮಾಡುವುದಿಲ್ಲ. ಅದಕ್ಕಾಗಿ ಫ್ರೇಮಿನಲ್ಲಿ ದುಂಡು ತೂತಿನ ಬದಲು ಅಗಲದ ದಿಕ್ಕಿಗೆ ಉದ್ದನೆಯ ತೂತು ಕೊರೆದು ಸ್ಕ್ರೂ ಹಾಕಿದೆವು. ಹಲಗೆ 21 ಇಂಚಿನ ಫ್ರೇಮಿನಿಂದ ಎರಡೂ ಕಡೆ ಮೂರು ಮೂರು ಸೂತ್ ಹೊರಗೆ ಬಂದಿದೆ. ಅಂಚು ಕೈಗೆ ಚುಚ್ಚುತ್ತದೆ ಎಂದು ತಂಗಿ ದೂರಿದ್ದಾಳೆ. ಬರುವ ಭಾನುವಾರ ಮರಳು ಕಾಗದ ಹಿಡಿದು ಅದನ್ನು ದುಂಡಗೆ ಮಾಡಬೇಕು.