ಮೇಜಿನ ಮೇಲೆ ಬ್ರಹ್ಮಗಿರಿಯ ಕಲ್ಲುಗೋರಿಗಳು



ಹೋದ ತಿಂಗಳ ವಸ್ತುಪ್ರದರ್ಶನದಲ್ಲಿ ನಮ್ಮ ಗುಂಪು ಇಟ್ಟಿದ್ದ ಸ್ಮಶಾನದ ಮಾದರಿಯನ್ನು ನೀವೆಲ್ಲಾ ನೋಡಿದ್ದೀರಿ. ಕೆಲವರು ನಕ್ಕರು. ಐದನೇ ತರಗತಿಯ ಇಬ್ಬರು ಹೆದರಿ ಆಚೆ ಓಡಿದರು. ಉಳಿದವರೆಲ್ಲಾ ಕೇಳಿದ್ದು ಒಂದೇ: "ಇದು ನಿಜವಾದ ಕಲ್ಲೇನೋ?" ಅಲ್ಲ, ರಟ್ಟು. ಹೇಗೆ ಮಾಡಿದಿರಿ ಅಂತ ಗೋಡೆ ಪತ್ರಿಕೆಗೆ ಬರೆದುಕೊಡು ಎಂದು ಸಮಾಜ ಸರ್ ಹೇಳಿದ್ದರಿಂದ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಬೇಕು.

ಮೊದಲು ಈ ಯೋಚನೆ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಒಂದು ದಿನ ಸರ್ ತಮ್ಮ ಮೊಬೈಲಿನಲ್ಲಿ ಕೆಲವು ಚಿತ್ರ ತೋರಿಸಿದರು. ಹೊರದೇಶಗಳಲ್ಲಿ ದೊಡ್ಡವರೂ ಮೇಜಿನ ಮೇಲೆ ಗುಡ್ಡ, ಹಳ್ಳ, ಪಾಳುಮನೆ, ಹಳೇ ಸ್ಮಶಾನ ಎಲ್ಲಾ ಸಣ್ಣದಾಗಿ ಕಟ್ಟಿ, ಬೆರಳಿನಷ್ಟು ಗೊಂಬೆಗಳನ್ನಿಟ್ಟು ಯುದ್ಧದ ಆಟ ಆಡುತ್ತಾರಂತೆ. ದಾಳ ಹಾಕಿ ಗೊಂಬೆ ನಡೆಸುವುದು. ಎಚ್. ಜಿ. ವೆಲ್ಸ್ ಎಂಬ ಇಂಗ್ಲೆಂಡಿನ ಕಾದಂಬರಿಕಾರರು 1913ರಲ್ಲೇ ಇಂಥ ಆಟಕ್ಕೆ ನಿಯಮ ಮಾಡಿ ಒಂದು ಪುಸ್ತಕ ಬರೆದಿದ್ದಾರೆ. ನಮ್ಮ ಬೆಳಗಾವಿ ಕಡೆಯಲ್ಲೂ ದೀಪಾವಳಿ ಬಂತೆಂದರೆ ಹುಡುಗರು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿ ಸೈನಿಕರ ಗೊಂಬೆ ನಿಲ್ಲಿಸುತ್ತಾರೆ. ಆದ್ದರಿಂದ ಇದು ನಮಗೆ ಪೂರ್ತಿ ಹೊಸದೇನೂ ಅಲ್ಲ.

ಆ ಚಿತ್ರಗಳಲ್ಲಿ ನನಗೆ ಹಿಡಿಸಿದ್ದು ಸ್ಮಶಾನ. ಆದರೆ ಅದರಲ್ಲಿ ಇದ್ದದ್ದೆಲ್ಲಾ ಶಿಲುಬೆಯ ಕಲ್ಲು, ಕಬ್ಬಿಣದ ಗೇಟು. ಅದನ್ನೇ ನೋಡಿಕೊಂಡು ಮಾಡಿದರೆ ನಕಲು ಹೊಡೆದಂತೆ. "ನಮ್ಮ ಸೀಮೆಯಲ್ಲೇ ಎರಡು ಸಾವಿರ ವರ್ಷಕ್ಕಿಂತ ಹಳೇ ಸ್ಮಶಾನ ಇದೆಯಲ್ಲೋ, ಅದನ್ನು ಮಾಡ್ರಿ" ಅಂದರು ಸರ್. ಅದೇ ಬ್ರಹ್ಮಗಿರಿ.

ಬ್ರಹ್ಮಗಿರಿ ಇರುವುದು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹತ್ತಿರ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ನಮ್ಮ ಜಗಳೂರು ತಾಲ್ಲೂಕೂ ಚಿತ್ರದುರ್ಗಕ್ಕೇ ಸೇರಿತ್ತು. ಹಾಗಾಗಿ ಅದು ನಮ್ಮದೇ ಅಂತ ನಾನು ತಿಳಿದಿದ್ದೇನೆ. ಅಲ್ಲಿರುವ ಅಶೋಕನ ಶಾಸನವನ್ನು ಬಿ. ಎಲ್. ರೈಸ್ ಎಂಬುವರು 1892ರಲ್ಲಿ ಪತ್ತೆ ಮಾಡಿದರು ಅಂತ ಪರೀಕ್ಷೆಗೆ ಓದುತ್ತೇವೆ. ಗೋರಿಗಳ ವಿಷಯ ಮಾತ್ರ ಯಾರೂ ಕೇಳುವುದಿಲ್ಲ. 1947ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದ ವರ್ಷವೇ, ಮಾರ್ಟಿಮರ್ ವ್ಹೀಲರ್ ಎಂಬ ಪುರಾತತ್ವ ಇಲಾಖೆಯ ದೊಡ್ಡ ಅಧಿಕಾರಿ ಅಲ್ಲಿ ಅಗೆಸಿದರು. ಕೆಳಗಿನ ಪದರದಲ್ಲಿ ಕಲ್ಲಿನ ಕೊಡಲಿ ಬಳಸಿದ ಜನರ ಸಾಮಾನು, ಅದರ ಮೇಲೆ ಕಬ್ಬಿಣ ಬಳಸಿದ, ಕಲ್ಲುಗೋರಿ ಕಟ್ಟಿದ ಜನರದ್ದು, ಅದರ ಮೇಲೆ ಇನ್ನೂ ಈಚಿನವರದ್ದು ಸಿಕ್ಕಿತು. ಒಂದರ ಮೇಲೊಂದು ಕಂಬಳಿ ಮಡಚಿಟ್ಟ ಹಾಗೆ. ಕಲ್ಲುಗೋರಿಗಳ ಕಾಲ ಕ್ರಿ.ಪೂ. 2ನೇ ಶತಮಾನದಿಂದ ಶುರು ಎಂದು ವ್ಹೀಲರ್ ಲೆಕ್ಕ ಹಾಕಿದ್ದರು. ಅದಕ್ಕಿಂತಲೂ ಬಹಳ ಹಿಂದಿನದು ಎಂದು ಆಮೇಲಿನ ವಿದ್ವಾಂಸರು ಹೇಳುತ್ತಾರೆ.

ನಮ್ಮ ಸೋದರತ್ತೆಯ ಮನೆ ಮೊಳಕಾಲ್ಮೂರಿನಲ್ಲಿ. ಅವರದು ಸೀರೆ ನೇಯುವ ಮನೆ. ಮಾವನ ಬೈಕಿನಲ್ಲಿ ಕೂತು ಬ್ರಹ್ಮಗಿರಿಗೆ ಹೋಗಿಬಂದೆ. ದೊಡ್ಡ ದೇವಸ್ಥಾನದಂಥದ್ದು ಕಾಣುತ್ತದೆ ಅಂದುಕೊಂಡಿದ್ದೆ. ಹಾಗೇನಿಲ್ಲ. ಜಾಲಿ, ಕಳ್ಳಿ, ಕುರುಚಲು ಗಿಡ. ನಡುವೆ ದುಂಡಗೆ ಇಟ್ಟ ಬಂಡೆಗಳು. ಮಾವ "ಇದೇ ನೋಡು" ಅಂದಾಗಲೇ ನನಗೆ ಗೊತ್ತಾಗಿದ್ದು. ಗೊತ್ತಾದ ಮೇಲೆ ಕಾಲಿಡೋಕೆ ಒಂಥರಾ ಆಯಿತು.

ಒಳಗೆ ಏನಿರುತ್ತದೆ ಅಂತ ಪುಸ್ತಕದ ಚಿತ್ರ ನೋಡಿ ತಿಳಿದುಕೊಂಡೆವು. ನೆಲದಲ್ಲಿ ಗುಂಡಿ ತೋಡಿ, ನಾಲ್ಕು ಕಡೆ ನಾಲ್ಕು ಕಲ್ಲು ಚಪ್ಪಡಿ ನಿಲ್ಲಿಸಿ, ಕೆಳಗೊಂದು ಹಾಸಿ, ಮೇಲೊಂದು ಮುಚ್ಚಿದ ಪೆಟ್ಟಿಗೆ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಸುತ್ತ ಬಂಡೆಗಳ ಬಳೆ. ಪೆಟ್ಟಿಗೆಯಲ್ಲಿ ಮೂಳೆ, ಮಡಕೆ, ಕಬ್ಬಿಣದ ಸಾಮಾನು, ಮಣಿಗಳು ಸಿಕ್ಕಿವೆ. ಒಬ್ಬರದ್ದಲ್ಲ, ಕೆಲವು ಗೋರಿಗಳಲ್ಲಿ ಹಲವರ ಮೂಳೆ ಒಟ್ಟಿಗಿದ್ದವು. ದೇಹವನ್ನು ಬೇರೆ ಕಡೆ ಇಟ್ಟು, ಆಮೇಲೆ ಮೂಳೆ ಆರಿಸಿ ತಂದು ಇಡುತ್ತಿದ್ದರು ಎನ್ನುತ್ತಾರೆ.

ಈಗ ಅಳತೆ. ಹೊರದೇಶದ ಆಟದ ಗೊಂಬೆ ಸುಮಾರು 28 ಮಿಲಿಮೀಟರ್ ಎತ್ತರ ಇರುತ್ತದೆ. ಮನುಷ್ಯ ಐದೂವರೆ ಅಡಿ, ಅಂದರೆ 168 ಸೆಂಟಿಮೀಟರ್. ಭಾಗಿಸಿದರೆ 60 ಬರುತ್ತದೆ. ಅಂದರೆ ನಿಜವಾದ 60 ಸೆಂಟಿಮೀಟರು ಮಾದರಿಯಲ್ಲಿ 1 ಸೆಂಟಿಮೀಟರು. ಆರಡಿ ಚಪ್ಪಡಿ ಮೂರು ಸೆಂಟಿಮೀಟರ್. ಒಂದೂವರೆ ಅಡಿ ಕಿಂಡಿ ಪೆನ್ಸಿಲ್ ತೂರುವಷ್ಟು. ಬಂಡೆಗಳ ಬಳೆಯನ್ನು 6 ಮೀಟರ್ ಅಂತ ಹಿಡಿದೆವು, 10 ಸೆಂಟಿಮೀಟರ್ ಆಯಿತು. ಅನುಪಾತದ ಲೆಕ್ಕ ಏನಕ್ಕೆ ಬೇಕು ಅಂತ ನಾನು ಗಣಿತ ಮೇಡಂ ಹತ್ತಿರ ವಾದ ಮಾಡಿದ್ದೆ. ಅವರು ಅದನ್ನು ಮರೆತಿಲ್ಲ.

ಎರಡಡಿ ಪ್ಲೈವುಡ್ ತುಂಡು ತಂದು ಅದರ ಮೇಲೆ ಥರ್ಮಾಕೋಲ್ ಅಂಟಿಸಿ ಗುಡ್ಡ ಕೆತ್ತಿದೆವು. ಇಲ್ಲಿ ಮೊದಲನೇ ಅನಾಹುತ. ಮನೆಯಲ್ಲಿ ಬಾಗಿಲಿಗೆ ಹೊಡೆದು ಉಳಿದಿದ್ದ ಪೇಂಟಿಗೆ ಥಿನ್ನರ್ ಹಾಕಿ ಬಳಿದೆ. ಥರ್ಮಾಕೋಲ್ ಚುರುಚುರು ಅಂತ ಕರಗಿ ಗುಡ್ಡದ ಜಾಗದಲ್ಲಿ ಹಳ್ಳ ಆಯಿತು! ಆದ್ದರಿಂದ ನೆನಪಿಡಿ: ಥರ್ಮಾಕೋಲಿಗೆ ನೀರಿನ ಬಣ್ಣ ಮಾತ್ರ. ಅದಕ್ಕೂ ಮೊದಲು ಹಳೇ ಪತ್ರಿಕೆ ಹಾಳೆಯನ್ನು ಮೈದಾ ಅಂಟಿನಲ್ಲಿ ನೆನೆಸಿ ಎರಡು ಪದರ ಹಚ್ಚಿ ಒಣಗಿಸಬೇಕು.

ಇನ್ನು ಗೋರಿ. ನಾಲ್ಕು ರಟ್ಟನ್ನು ಬೆಂಕಿಪೆಟ್ಟಿಗೆಯ ಹಾಗೆ ಮೂಲೆಗೆ ಮೂಲೆ ಕೂಡಿಸಿ ನಿಲ್ಲಿಸಿದೆ. ಸುತ್ತ ಹಸಿ ಮಣ್ಣು ಒತ್ತಿದ ಕೂಡಲೇ ಒಳಕ್ಕೆ ಕುಸಿಯಿತು. ಇನ್ನೊಂದು ಮಾಡಿದೆ, ಅದೂ ಕುಸಿಯಿತು. ಮೂರನೆಯದಕ್ಕೆ ಚಿತ್ರವನ್ನು ಸರಿಯಾಗಿ ನೋಡಿದೆ. ಬ್ರಹ್ಮಗಿರಿಯವರು ಮೂಲೆ ಕೂಡಿಸಿಯೇ ಇಲ್ಲ. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ ಚಪ್ಪಡಿಯನ್ನು ದಾಟಿ ಹೊರಕ್ಕೆ ಚಾಚಿದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಹಾಗೆ. ಹೊರಗಿನ ಮಣ್ಣು ಒಂದು ಚಪ್ಪಡಿಯನ್ನು ಒಳಕ್ಕೆ ನೂಕಿದರೆ ಪಕ್ಕದ್ದರ ಅಂಚು ಅದನ್ನು ತಡೆಯುತ್ತದೆ, ಅದನ್ನು ಮತ್ತೊಂದು. ಹಾಗೇ ಮಾಡಿದೆ. ಎಷ್ಟು ಮಣ್ಣು ಒತ್ತಿದರೂ ನಿಂತುಕೊಂಡಿತು. ಸಿಮೆಂಟಿಲ್ಲ, ಗಾರೆಯಿಲ್ಲ. ಓದು ಬರಹವೂ ಇದ್ದ ಗುರುತಿಲ್ಲದ ಜನ ಇದನ್ನು ಕಂಡುಹಿಡಿದಿದ್ದರು. ಎರಡು ಸಲ ಬಿದ್ದದ್ದು ನನ್ನದು, ಅವರದ್ದಲ್ಲ. ನನಗೆ ಸ್ವಲ್ಪ ನಾಚಿಕೆ ಆಯಿತು.

ನಮ್ಮ ಮಾದರಿಯಲ್ಲಿ ಒಂದು ಗೋರಿಯ ಮುಂದಿನ ಮಣ್ಣನ್ನು ಕತ್ತರಿಸಿ ತೆಗೆದಿದ್ದೇವೆ, ನೀವು ಪೆಟ್ಟಿಗೆಯನ್ನು ನೋಡಲಿ ಅಂತ. ನಿಜವಾಗಿ ಅದು ನೆಲದೊಳಗೆ ಇರುತ್ತದೆ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್‌ನಲ್ಲಿ ಇಂಥವು ನೆಲದ ಮೇಲೇ ಪುಟ್ಟ ಮನೆಗಳ ಹಾಗೆ ನಿಂತಿವೆ. ಅಲ್ಲಿಯ ಜನ ಮೋರ್ಯರ ಮನೆ ಎನ್ನುತ್ತಾರೆ. 400ರಷ್ಟು ಇವೆಯಂತೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು.

ಬಣ್ಣದ ವಿಷಯ ಹೇಳದೆ ಬಿಟ್ಟರೆ ಈ ಪಾಠ ಅರ್ಧ. ಮೊದಲು ಕರಿ ಬಿಳಿ ಕಲಸಿ ಬೂದುಬಣ್ಣ ಬಳಿದೆವು. ಕಲ್ಲಲ್ಲ, ಸಿಮೆಂಟ್ ಪೈಪಿನ ಹಾಗೆ ಕಂಡಿತು. ಆಗ ಶಾಲೆಯ ಹಿಂದೆ ಬಿದ್ದಿದ್ದ ಒಂದು ಬಂಡೆ ಚೂರನ್ನು ತಂದು ಮೇಜಿನ ಮೇಲಿಟ್ಟು ನೋಡಿದೆವು. ಅದರಲ್ಲಿ ನಸುಗೆಂಪು, ಹಳದಿ, ಕರಿ ಚುಕ್ಕೆ, ಮೇಲೆ ಕಲ್ಲುಹೂವಿನ ಮಾಸಲು ಹಸಿರು, ಎಲ್ಲಾ ಇತ್ತು. ಬೂದುಬಣ್ಣ ಬಹಳ ಕಡಿಮೆ.

ಕ್ರಮ ಹೀಗೆ. ರಟ್ಟಿಗೆ ಅಂಟು ಬಳಿದು ಜರಡಿ ಹಿಡಿದ ಮರಳು ಉದುರಿಸಿ. ಒಣಗಿದ ಮೇಲೆ ಇದ್ದಿಲ ಪುಡಿ ಮತ್ತು ಕೆಮ್ಮಣ್ಣು ಕಲಸಿದ ಗಾಢ ಬಣ್ಣ ಪೂರ್ತಿ ಬಳಿಯಿರಿ. ಅದು ಒಣಗಲಿ. ಆಮೇಲೆ ತೆಳು ಬಣ್ಣದಲ್ಲಿ ಕುಂಚ ಅದ್ದಿ, ಬಟ್ಟೆಗೆ ಒರೆಸಿ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಅನ್ನುವಾಗ ಕಲ್ಲಿನ ಮೇಲೆ ಮೆಲ್ಲಗೆ ಸವರಿ. ಉಬ್ಬಿದ ಮರಳಿಗೆ, ಅಂಚಿಗೆ ಮಾತ್ರ ಬಣ್ಣ ಹತ್ತುತ್ತದೆ. ತಗ್ಗು ಕಪ್ಪಾಗಿಯೇ ಉಳಿಯುತ್ತದೆ. ಮೂರು ಸೆಂಟಿಮೀಟರಿನ ಕಲ್ಲಿಗೆ ಬಿಸಿಲು ಬಿದ್ದರೂ ದೊಡ್ಡ ಬಂಡೆಯ ಹಾಗೆ ನೆರಳು ಬರುವುದಿಲ್ಲ. ಅದಕ್ಕೇ ನೆರಳನ್ನೂ ಬಿಸಿಲನ್ನೂ ನಾವೇ ಬರೆಯಬೇಕು. ಕೊನೆಗೆ ಬಹಳ ನೀರು ಬೆರೆಸಿದ ಕಪ್ಪನ್ನು ಕಲ್ಲಿನ ಬುಡಕ್ಕೆ ಬಿಟ್ಟರೆ ಅದು ಸಂದಿಗೆ ಇಳಿದು ನಿಲ್ಲುತ್ತದೆ. ಕಲ್ಲು ನೆಲದಲ್ಲಿ ಹೂತಂತೆ ಕಾಣುತ್ತದೆ. ಒಣ ಹುಲ್ಲಿಗೆ ತೆಂಗಿನ ನಾರು ಸಣ್ಣಗೆ ಕತ್ತರಿಸಿ ನೆಟ್ಟೆವು. ನೆಲಕ್ಕೆ ಕುದಿಸಿ ಒಣಗಿಸಿದ ಟೀ ಪುಡಿ.

ಎರಡನೇ ಅನಾಹುತ ನಮ್ಮ ಮನೆಯಲ್ಲಿ. ಮಾದರಿಯನ್ನು ಪಡಸಾಲೆಯಲ್ಲಿ ಒಣಗಲು ಇಟ್ಟಿದ್ದೆ. ಅಜ್ಜಿ ನೋಡಿದರು.

"ಏನ್ಲೇ ತಮ್ಮ ಇದು?"

"ಗೋರಿ ಅಜ್ಜಿ. ಶಾಲೆಗೆ."

"ಮನಿಯೊಳಗೆ ಸುಡುಗಾಡು ತಂದಿಟ್ಟೀಯ? ನಿಮ್ಮಜ್ಜ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅದರ ಮ್ಯಾಲೆ ಆಟ ಬ್ಯಾರೆ ಆಡ್ತೀರಂತೆ!"

ನನಗೆ ಮಾತು ಹೊರಡಲಿಲ್ಲ. ಅವ್ವ ಅದನ್ನು ಎತ್ತಿ ಕೊಟ್ಟಿಗೆಯಲ್ಲಿಟ್ಟಳು. ಬೆಳಿಗ್ಗೆ ನೋಡಿದರೆ ಮೈದಾ ಅಂಟಿನ ವಾಸನೆಗೆ ಆಡು ಗುಡ್ಡದ ಒಂದು ಮೂಲೆಯ ಕಾಗದವನ್ನೆಲ್ಲಾ ಕಿತ್ತು ತಿಂದಿತ್ತು. ನಾನು ಅತ್ತೆ. ಬರೆಯಬಾರದು ಅಂದುಕೊಂಡಿದ್ದೆ, ಆದರೂ ಬರೆದಿದ್ದೇನೆ.

ಅಂದು ಸಂಜೆ ಅಜ್ಜಿ ತಾವೇ ಬಂದು ಕೊಟ್ಟಿಗೆಯಲ್ಲಿ ಕೂತರು. ಇದು ಯಾರದ್ದು, ಎಷ್ಟು ಹಳೇದು ಅಂತ ಕೇಳಿದರು. ಹೇಳಿದೆ. ಕಿಂಡಿ ಯಾಕೆ ಅಂದರು. ಒಳಗೆ ಮತ್ತೆ ಮತ್ತೆ ಮೂಳೆ ಇಡೋದಕ್ಕೆ ಇರಬಹುದು ಅಂತ ಕೆಲವರು ಹೇಳ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಜ್ಜನ ಗುಂಡಿಯ ವಿಷಯ ಹೇಳಿದರು. ನಮ್ಮ ಹೊಲದಲ್ಲಿ ಅಜ್ಜನನ್ನು ಮಣ್ಣು ಮಾಡುವಾಗ ನನ್ನನ್ನು ಹಿಂದೆ ನಿಲ್ಲಿಸಿದ್ದರು, ನಾನು ಏನೂ ನೋಡಿರಲಿಲ್ಲ. ಗುಂಡಿಯ ಪಕ್ಕಕ್ಕೆ ಗೂಡು ತೋಡಿ, ಅಜ್ಜನನ್ನು ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿದರಂತೆ. "ಅವರೂ ಮನಿ ಕಟ್ಯಾರ, ನಾವೂ ಮನಿ ಕಟ್ಟೀವಿ" ಅಂದರು ಅಜ್ಜಿ. ಆಮೇಲೆ, "ಆದ್ರೆ ಅದರ ಮ್ಯಾಲೆ ಹೊಡೆದಾಟ ಆಡಬ್ಯಾಡ್ರಿ" ಅಂದರು.

ಅದಕ್ಕೇ ನಮ್ಮ ಆಟದಲ್ಲಿ ಯುದ್ಧ ಇಲ್ಲ. ಎರಡು ಗುಂಪು, ಗುಂಪಿಗೆ ಆರು ಮಣ್ಣಿನ ಗೊಂಬೆ. ಚೌಕಾಬಾರದ ಹಾಗೆ ಹುಣಸೆ ಬೀಜ ಹಾಕಿ ನಡೆಸುವುದು. ಗುಡ್ಡದಿಂದ ಚಪ್ಪಡಿ ತಂದು ಮಳೆ ಬರುವುದರೊಳಗೆ ಗೋರಿ ಮುಗಿಸಬೇಕು. ಒಂದು ಚಪ್ಪಡಿಗೆ ಎರಡು ಗೊಂಬೆ, ಮುಚ್ಚುವ ಕಲ್ಲಿಗೆ ನಾಲ್ಕು ಗೊಂಬೆ ಒಂದೇ ಮನೆಯಲ್ಲಿ ಕೂಡಿದರೆ ಮಾತ್ರ ಎತ್ತಬಹುದು. ಅವಸರಕ್ಕೆ ಒಬ್ಬನನ್ನೇ ಮುಂದೆ ಓಡಿಸಿದವರು ಸೋಲುತ್ತಾರೆ. ಇದುವರೆಗೆ ಹುಡುಗಿಯರ ಗುಂಪೇ ಜಾಸ್ತಿ ಗೆದ್ದಿದೆ.

ಪ್ರದರ್ಶನದ ದಿನ ಅಜ್ಜಿಯೂ ಬಂದಿದ್ದರು. ಬಗ್ಗಿ ಒಂದು ಕಣ್ಣು ಮುಚ್ಚಿ ಕಿಂಡಿಯೊಳಗೆ ನೋಡಿದರು. "ಒಳಗೆ ಏನೂ ಇಟ್ಟಿಲ್ಲಲ್ಲೋ. ನೀರಿಗೊಂದು ಗಡಿಗೆ ಬ್ಯಾಡೇನು?" ಅಂದರು. ಅಷ್ಟು ಪುಸ್ತಕ ನೋಡಿಯೂ ನಾವು ಮಡಕೆಯನ್ನೇ ಮರೆತಿದ್ದೆವು.

ಮಾರನೇ ದಿನ ಜೇಡಿಮಣ್ಣಿನಲ್ಲಿ ಬಟಾಣಿ ಕಾಳಿನಷ್ಟು ಮಡಕೆ ಮಾಡಿದೆ. ಬ್ರಹ್ಮಗಿರಿಯ ಮಡಕೆಗಳು ಎರಡು ಬಣ್ಣದವು, ಬಾಯಿಯ ಕಡೆ ಮತ್ತು ಒಳಗೆ ಕಪ್ಪು, ಕೆಳಗೆ ಕೆಂಪು. ಬೋರಲು ಹಾಕಿ ಸುಟ್ಟಾಗ ಗಾಳಿಯಾಡದ ಭಾಗ ಕಪ್ಪಾಗಿ, ಗಾಳಿ ತಾಗಿದ ಭಾಗ ಕೆಂಪಾಗುತ್ತದೆ ಅಂತ ಹೇಳುತ್ತಾರೆ. ನಾನು ಸುಡಲಿಲ್ಲ, ಕೆಮ್ಮಣ್ಣು ಬಳಿದು ಬಾಯಿಗೆ ಬೆಂಕಿಕಡ್ಡಿಯ ಮಸಿ ಹಚ್ಚಿದೆ. ಮಣ್ಣು ಕತ್ತರಿಸಿದ ಗೋರಿಯಲ್ಲಿ ಅದನ್ನು ಇಟ್ಟಿಲ್ಲ. ಪಕ್ಕದ, ಪೂರ್ತಿ ಮುಚ್ಚಿದ ಗೋರಿಯೊಳಗಿದೆ. ಮಾದರಿ ಈಗ ಕಛೇರಿ ಕೋಣೆಯ ಬೀರುವಿನ ಮೇಲಿದೆ. ನೋಡಬೇಕಾದವರು ಸರ್ ಅವರನ್ನು ಕೇಳಿ ಟಾರ್ಚ್ ತೆಗೆದುಕೊಂಡು ಹೋಗಿ ಕಿಂಡಿಯಲ್ಲಿ ನೋಡಿ. ಮುಚ್ಚುವ ಕಲ್ಲನ್ನು ಎತ್ತಬೇಡಿ, ಅಂಟು ಇನ್ನೂ ಹಸಿ ಇದೆ.

— 7ನೇ ತರಗತಿ, ಸೊಕ್ಕೆ