ಹಳೆಯ ಅಲಗಿನ ಪರೀಕ್ಷೆ

ಬ್ರಿಟಿಷರ ಆಳ್ವಿಕೆಯ ಕಾಲದ ಕತ್ತಿ, ಬಾಕು, ಬಯೊನೆಟ್ಟುಗಳು ನಮ್ಮ ವಸ್ತುಸಂಗ್ರಹಾಲಯಗಳಲ್ಲಿಯೂ ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿಯೂ ಇಂದಿಗೂ ಉಳಿದಿವೆ. ಇಂಥದೊಂದು ಅಲಗು ಕೈಗೆ ಬಂದೊಡನೆ ಅದರ ಮೇಲೆ ಇಸವಿಯೇನಾದರೂ ಇದೆಯೇ ಎಂದು ಹುಡುಕುವುದು ಸಹಜ. ಆದರೆ ಒಂದೇ ಗುರುತನ್ನು ನಂಬಿ ನಿರ್ಣಯಕ್ಕೆ ಬರುವುದು ಶಾಸ್ತ್ರೀಯ ಕ್ರಮವಲ್ಲ. ಆಕಾರ, ಮುದ್ರೆ, ಲೋಹ ಈ ಮೂರು ಸಾಕ್ಷಿಗಳನ್ನು ಬೇರೆಬೇರೆಯಾಗಿ ವಿಚಾರಿಸಿ, ಅವುಗಳ ಹೇಳಿಕೆ ಒಂದಕ್ಕೊಂದು ಹೊಂದುವುದೇ ಎಂಬುದನ್ನು ನಾವು ನೋಡಬೇಕು.

ಮೊದಲು ಆಕಾರವನ್ನು ಗಮನಿಸೋಣ. ಬಂದೂಕದ ಮೂತಿಗೆ ಸಿಕ್ಕಿಸುವ ಅಲಗೇ ಬಯೊನೆಟ್ಟು. ಈಸ್ಟ್ ಇಂಡಿಯಾ ಕಂಪನಿಯ ಕಾಲದ ‘ಬ್ರೌನ್ ಬೆಸ್’ ಬಂದೂಕದ ಬಯೊನೆಟ್ಟಿಗೆ ಹಿಡಿಯೇ ಇಲ್ಲ. ಅದರ ಬುಡದಲ್ಲಿ ಮೂತಿಯ ಮೇಲೆ ಕೂರುವ ಕೊಳವೆಯೊಂದಿದ್ದು, ಅಲಗು ತ್ರಿಕೋನಾಕಾರವಾಗಿರುತ್ತದೆ. ಸರಳು ಬಾಗದೆ ನಿಲ್ಲಬೇಕಾದರೆ ಅದರ ದ್ರವ್ಯವು ನಡುಗೆರೆಯಿಂದ ದೂರಕ್ಕೆ ಹಂಚಿಕೊಂಡಿರಬೇಕು. ತ್ರಿಕೋನದ ಮೂರು ಏಣುಗಳು ಕಡಿಮೆ ತೂಕದಲ್ಲಿಯೇ ಈ ಬಿಗುವನ್ನು ಒದಗಿಸುತ್ತವೆ. ಮುಂದಿನ ಕಾಲದ ಚಪ್ಪಟೆ ಅಲಗುಗಳ ಉದ್ದಕ್ಕೂ ಕಾಲುವೆಯಂತಹ ತಗ್ಗೊಂದು ಕಾಣುತ್ತದೆ. ಅದು ರಕ್ತ ಹರಿಯಲೆಂದು ಮಾಡಿದ್ದು ಎಂಬ ನಂಬಿಕೆ ನಿರಾಧಾರವಾದುದು. ಬಿಗುವು ಹೆಚ್ಚು ತಗ್ಗದಂತೆ ಭಾರವನ್ನು ಇಳಿಸುವುದೇ ಅದರ ಉದ್ದೇಶ.

ಇನ್ನು ಮುದ್ರೆಗಳು. ಲೀ–ಎನ್‌ಫೀಲ್ಡ್ ರೈಫಲ್ಲಿಗೆ ಜೋಡಿಸುತ್ತಿದ್ದ, ಸುಮಾರು 17 ಅಂಗುಲ ಅಲಗಿನ ಬಯೊನೆಟ್ಟಿನಲ್ಲಿ ಹಿಡಿಯ ಸಮೀಪ ಕಿರೀಟವನ್ನೂ ಅದರ ಕೆಳಗೆ 1907 ಎಂಬ ಅಂಕಿಯನ್ನೂ ಒತ್ತಿರುತ್ತಾರೆ. ಇದು ತಯಾರಾದ ವರ್ಷವೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ ಅದು ಆ ಮಾದರಿ ಅಂಗೀಕೃತವಾದ ವರ್ಷ. ತಯಾರಿಕೆಯ ಕಾಲವನ್ನು ಅದರ ಕೆಳಗಿನ ಸಣ್ಣ ಅಂಕಿಗಳಲ್ಲಿ ಹುಡುಕಬೇಕು. 3 ಮತ್ತು 17 ಎಂದಿದ್ದರೆ 1917ರ ಮಾರ್ಚ್ ತಿಂಗಳು ಎಂದರ್ಥ. ‘ಆರ್. ಎಫ್. ಐ.’ ಎಂಬ ಅಕ್ಷರಗಳಿದ್ದರೆ ಅದು ಇಂಗ್ಲೆಂಡಿನದಲ್ಲ, ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯದು. ಬಾಣದ ತಲೆಯಂತಹ ಗುರುತು ಸರಕಾರದ ಸ್ವತ್ತೆಂಬುದನ್ನು ಸೂಚಿಸುತ್ತದೆ. ಅಂಥ ಎರಡು ಬಾಣಗಳು ಮೊನೆಗೆ ಮೊನೆ ಸೇರಿಸಿದಂತಿದ್ದರೆ, ಆಯುಧವನ್ನು ಸೇನೆಯಿಂದ ವಿಲೇವಾರಿ ಮಾಡಿದರೆಂದು ತಿಳಿಯಬೇಕು.

‘ಎಕ್ಸ್’ ಆಕಾರದ ಗುರುತು ವಿಜ್ಞಾನದ ವಿದ್ಯಾರ್ಥಿಗೆ ವಿಶೇಷ ಸ್ವಾರಸ್ಯದ್ದು. ಅಲಗು ಬಾಗಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂಬುದಕ್ಕೆ ಅದು ಪ್ರಮಾಣ. ಉಕ್ಕು ಅತಿ ಗಡುಸಾದರೆ ಮುರಿಯುತ್ತದೆ, ಅತಿ ಮೆದುವಾದರೆ ಬಾಗಿದಂತೆಯೇ ಉಳಿಯುತ್ತದೆ. ಹದವಾದ ಉಕ್ಕು ಸ್ಥಿತಿಸ್ಥಾಪಕತ್ವದ ಮಿತಿಯೊಳಗೆ ಬಾಗಿ ಮೊದಲಿನ ನೇರಕ್ಕೆ ಮರಳುತ್ತದೆ. ಈ ಪರೀಕ್ಷೆಯನ್ನು ಹಳೆಯ ಅಲಗಿನ ಮೇಲೆ ಮತ್ತೆ ನಡೆಸಬಾರದು.

ಕತ್ತಿಗಳಲ್ಲಿ ತೊಡಕು ಹೆಚ್ಚು. ಭಾರತೀಯ ತಲವಾರಿನ ಹಿಡಿಗೆ ಅಲಗನ್ನು ಅರಗಿನಂತಹ ಅಂಟಿನಿಂದ ಕೂರಿಸುತ್ತಿದ್ದರು. ಕಾಯಿಸಿದರೆ ಅಂಟು ಸಡಿಲವಾಗುವುದರಿಂದ ಅಲಗನ್ನು ಬದಲಿಸುವುದು ಸುಲಭವಾಗಿತ್ತು. ಯುರೋಪಿನ ಅಲಗಿಗೆ ಇಲ್ಲಿಯ ಹಿಡಿ ತೊಡಿಸಿದ ಕತ್ತಿಗಳಿಗೆ ‘ಫಿರಂಗಿ’ ಎಂಬ ಹೆಸರೇ ಇದೆ. ಬ್ರಿಟಿಷ್ ಅಶ್ವದಳದ 1796ರ ಮಾದರಿಯ ಬಾಗುಗತ್ತಿಯ ಅಲಗುಗಳಿಗೂ ದೇಶೀ ಹಿಡಿಗಳು ಬಂದುದುಂಟು. ಆದುದರಿಂದ ಹಿಡಿಯ ವಯಸ್ಸೇ ಅಲಗಿನ ವಯಸ್ಸೆಂದು ಹೇಳುವಂತಿಲ್ಲ.

ಕೊನೆಯ ಸಾಕ್ಷಿ ಲೋಹ. ಬಳಕೆಗೆಂದು ಮಾಡಿದ ಕತ್ತಿಯ ಅಲಗು ಸಾಮಾನ್ಯವಾಗಿ ಹಿಡಿಯಿಂದ ಮೊನೆಯತ್ತ ತೆಳುವಾಗುತ್ತ ಹೋಗುತ್ತದೆ. ಇದರಿಂದ ಗುರುತ್ವಕೇಂದ್ರ ಕೈಗೆ ಸಮೀಪವಾಗಿ, ಬೀಸುವುದು ಹಗುರವಾಗುತ್ತದೆ. ಅಲಂಕಾರಕ್ಕೆಂದು ತಗಡಿನಿಂದ ಕತ್ತರಿಸಿದ ನಕಲಿನಲ್ಲಿ ದಪ್ಪ ಉದ್ದಕ್ಕೂ ಒಂದೇ ಆಗಿದ್ದು, ಮೊನೆ ಭಾರವಾಗುವುದೇ ಹೆಚ್ಚು. ಕೆಲವು ಅಲಗುಗಳ ಮೇಲೆ ನೀರಿನ ಅಲೆಯಂತಹ ಗೆರೆಗಳಿರುತ್ತವೆ. ದಕ್ಷಿಣ ಭಾರತದ ಮೂಸೆಯ ಉಕ್ಕಿನಲ್ಲಿ ನೂರಕ್ಕೆ ಸುಮಾರು ಒಂದರಿಂದ ಎರಡು ಭಾಗ ಇಂಗಾಲವಿದ್ದು, ಕಬ್ಬಿಣದ ಕಾರ್ಬೈಡ್ ಪಟ್ಟೆಪಟ್ಟೆಯಾಗಿ ಸೇರಿಕೊಂಡಿರುತ್ತದೆ. ದುರ್ಬಲ ಆಮ್ಲ ತಗುಲಿದಾಗ ಕಾರ್ಬೈಡ್ ಬೆಳ್ಳಗೆ ಉಳಿದು, ಸುತ್ತಲ ಲೋಹ ಕಪ್ಪಾಗುತ್ತದೆ. ಮೈಸೂರು ಸೀಮೆಯಲ್ಲಿ ಇಂಥ ಉಕ್ಕಿನ ತಯಾರಿಕೆಯನ್ನು ಫ್ರಾನ್ಸಿಸ್ ಬುಕಾನನ್ 1800ರ ಪ್ರವಾಸದಲ್ಲಿ ವರ್ಣಿಸಿದ್ದಾನೆ. ಇಂಗ್ಲಿಷಿನ ‘ವೂಟ್ಜ್’ ಎಂಬ ಮಾತು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದುದೆಂಬ ಅಭಿಪ್ರಾಯವೂ ಪ್ರಚಲಿತವಾಗಿದೆ. ನಕಲಿ ಗೆರೆಗಳು ಮೇಲ್ಮೈಯಲ್ಲಿ ಮಾತ್ರ ಇರುವುದರಿಂದ ಉಜ್ಜಿದರೆ ಅಳಿಯುತ್ತವೆ. ನಿಜವಾದ ಗೆರೆಗಳು ಲೋಹದ ಒಳಗೇ ಇರುವುದರಿಂದ ಆಮ್ಲ ತಗುಲಿದಾಗ ಮತ್ತೆ ಮೂಡುತ್ತವೆ. ಈ ಪರೀಕ್ಷೆ ತಜ್ಞರ ಕೆಲಸ, ಮನೆಯಲ್ಲಿ ಮಾಡತಕ್ಕದ್ದಲ್ಲ.

ಆಯುಧಪೂಜೆಯ ದಿನ ಹಳೆಯ ಅಲಗನ್ನು ಹುಣಿಸೆಹಣ್ಣು, ಇಟ್ಟಿಗೆಪುಡಿಗಳಿಂದ ತಿಕ್ಕಿ ಬೆಳಗುವುದುಂಟು. ಹುಣಿಸೆಯ ಆಮ್ಲ ತುಕ್ಕಿನ ಜೊತೆಗೆ ಉಕ್ಕನ್ನೂ ತಿನ್ನುತ್ತದೆ, ಇಟ್ಟಿಗೆಪುಡಿ ಮೈಯನ್ನೇ ಕೆರೆಯುತ್ತದೆ. ಹೀಗೆ ವರ್ಷವರ್ಷವೂ ನಡೆದರೆ ನಾವು ಓದಬೇಕಾದ ಅಕ್ಷರಗಳೇ ಸವೆದುಹೋಗುತ್ತವೆ. ಮೆತ್ತನೆಯ ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಖನಿಜತೈಲ ಸವರಿ, ತೇವವನ್ನು ಹಿಡಿದಿಡುವ ಚರ್ಮದ ಒರೆಯಿಂದ ಹೊರಗೆ ಇಡುವುದು ಲೇಸು. ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪುರಾವಸ್ತು ಕಾಯಿದೆಗೆ ಒಳಪಡುತ್ತವೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಲಗಿನ ಹೊಳಪು ಹೋದರೆ ಮತ್ತೆ ತರಬಹುದು. ಅಳಿದ ಮುದ್ರೆಯನ್ನು ಮೊದಲಿನಂತೆ ತರುವ ಉಪಾಯವಿಲ್ಲ.